ಅಂದಾನಪ್ಪನ ಹೊಳೆಮ್ಮ

೧೯೮೩, ಜನವರಿ ೧೮

ಸೈಕಲ್ ಅಂಗಡಿಗೆ ಟಯರ್ ಏಜೆಂಟ್ ಬಂದಿದ್ದ. “ಸಾವ್ಕಾರ್ರು ಎಲ್ಲಿಗೆ ಹೋಗ್ಯಾರ?” ಎಂದು ಕೇಳಿದವನು ಬಳೆಯಿಲ್ಲದ ನನ್ನ ಕೈ ನೋಡಿ ತಲೆ ತಗ್ಗಿಸಿದ. ಪ್ರತಿ ವರ್ಷ ಅಂದಾನಪ್ಪನಿಗೆ ಕೊಡುವ ಡೈರಿಯನ್ನು ಬೆಂಚಿನ ಮೇಲಿಟ್ಟು ಚಹ ಕುಡಿಯದೆ ಹೋದ.

ಅಂದಾನಪ್ಪ ಈ ಡೈರಿಗಳಲ್ಲಿ ಒಂದಕ್ಷರ ಬರೆದವನಲ್ಲ. ಕುಂಟುವ ಬೆಂಚಿನ ಕಾಲಿಗೆ ಒತ್ತು ಕೊಡುತ್ತಿದ್ದ. ನಾನು ಡ್ಯಾಮ್ ಕಟ್ಟುವ ಕಾಲದಲ್ಲಿ ಕ್ಯಾಂಪಿನ ಶಾಲೆಗೆ ಹೋಗಿ ಏಳನೇ ಕ್ಲಾಸಿನ ತನಕ ಓದಿದವಳು, ಬರೆಯಲು ಬರುತ್ತದೆ. ಜಗಳ ಆಡಲು ಮನೆಯಲ್ಲಿ ಯಾರೂ ಉಳಿದಿಲ್ಲ. ಇನ್ನು ಏನಿದ್ದರೂ ಈ ಡೈರಿಯ ಜೊತೆಗೇ ಆಡಬೇಕು.

ಅವನು ಹೋಗಿ ತಿಂಗಳಾಯಿತು. ಹಂಪಿಗೆ ಹೊರಟ ಬಿಳಿ ಹುಡುಗಿಯೊಬ್ಬಳಿಗೆ ಸೈಕಲ್ ಸೀಟು ಇಳಿಸಿ ಕೊಡುತ್ತಿದ್ದ. ನಟ್ಟು ಬಿಗಿಯುವ ಪಾನಾ ಹಿಡಿದುಕೊಂಡೇ ಪಕ್ಕಕ್ಕೆ ವಾಲಿದ. “ಅಂದಾನಪ್ಪಾ!” ಎಂದು ಕೂಗಿದೆ. ಹೆಂಡತಿಯರು ಗಂಡನ ಹೆಸರು ಹೇಳುವುದಿಲ್ಲ. ನನಗೆ ಆ ಕಟ್ಟು ಇರಲಿಲ್ಲ. ಹತ್ತೊಂಬತ್ತು ವರ್ಷ ಓಣಿಗೆಲ್ಲ ಕೇಳುವ ಹಾಗೆ ಆ ಹೆಸರು ಹಿಡಿದು ಕೂಗಿದ್ದೇನೆ. ಪ್ರತಿ ಸಲವೂ “ಏನ್ಲೇ?” ಎಂದು ತಿರುಗುತ್ತಿದ್ದ. ಅವತ್ತು ತಿರುಗಲಿಲ್ಲ.

೧೯೮೩, ಜನವರಿ ೨೩

ಪಕ್ಕದ ಮನೆಯ ಕೊಟ್ರಬಸಮ್ಮ ಬಟ್ಟಲಲ್ಲಿ ಸಾರು ಕಳಿಸಿದ್ದಳು. ಮುಚ್ಚಳ ತೆಗೆಯದೆ ವಾಪಸ್ ಕಳಿಸಿದೆ. ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಆ ಕಡೆ ಅವಳು ಖಾರ ಕುಟ್ಟಿದರೆ ಈ ಕಡೆ ನಾನು ಸೀನುತ್ತೇನೆ. ಅಷ್ಟು ಹತ್ತಿರದವಳ ಮುಖ ನೋಡಲು ಈಗ ನನಗೆ ಮನಸ್ಸಿಲ್ಲ.

ಅಂದಾನಪ್ಪ ಹೋದ ದಿನದ ಸಂಗತಿ ಬರೆದು ಹೊರಗೆ ಹಾಕಿಬಿಡಬೇಕು. ಮಣ್ಣು ಮಾಡಿ ಗಂಡಸರು ಬಂದ ಮೇಲೆ ಅಂದಾನಪ್ಪನ ಅತ್ತಿಗೆ ಸಂಗಮ್ಮ ನನ್ನ ಹತ್ತಿರ ಬಂದಳು. ಕಂಪ್ಲಿಯಿಂದ ಕಾರಿನಲ್ಲಿ ಬಂದವಳು, ಅಷ್ಟು ಹೊತ್ತು ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ. ನನ್ನ ಕೊರಳಿಗೆ ಕೈ ಹಾಕಿ ತಾಳಿ ಹುಡುಕಿದಳು. ಸಿಗಲಿಲ್ಲ. “ಕೈಯಾಗ ಬಳಿ ಅದಾವಲ್ಲ ಇನ್ನ. ಕೊಟ್ರಬಸಮ್ಮಾ, ಅದೊಂದು ಮುಗಿಸಿಬಿಡು” ಎಂದಳು. ಕೊಟ್ರಬಸಮ್ಮ ಗುಂಡುಕಲ್ಲು ತಂದು ನನ್ನೆರಡೂ ಕೈ ಹೊಸ್ತಿಲ ಮೇಲೆ ಇಡಿಸಿದಳು. ನಾನು ಬೇಡ ಎಂದೆ. ಓಣಿಯ ಹೆಂಗಸರೆಲ್ಲ ಅಳುತ್ತಿದ್ದರು. ಆದರೆ ಬೇಡ ಎಂದವಳು ನಾನೊಬ್ಬಳೇ. ಒಂದು ಚೂರು ಮಣಿಕಟ್ಟಿಗೆ ಹೊಕ್ಕಿತು. ಕಲೆ ಇನ್ನೂ ಇದೆ.

ಬಳೆ ಒಡೆಯುವುದು ನನಗೆ ಹೊಸದಲ್ಲ. ಚೈನು ಎಳೆಯುವಾಗ, ಟಯರ್ ಬಿಚ್ಚುವಾಗ ವಾರಕ್ಕೆ ಒಂದಾದರೂ ಚಟ್ಟೆನ್ನುತ್ತಿತ್ತು. ಅಂದಾನಪ್ಪ ಬೈದುಕೊಂಡೇ ಬಳೆಗಾರ ಮೂಕಣ್ಣನ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. “ಈಕಿಗೆ ಕಬ್ಬಿಣದ ಬಳಿ ಹಾಕ್ಸಪ್ಪಾ” ಎಂದು ಮೂಕಣ್ಣ ನಗುತ್ತಿದ್ದ. ಅಂದಾನಪ್ಪ ಮಾತ್ರ ಹಸಿರು ಗಾಜಿನದೇ ಆರಿಸುತ್ತಿದ್ದ.

ಹೆಂಡತಿಗೆ ಸಿಗುವ ಮರ್ಯಾದೆ ಒಂದನ್ನೂ ನನಗೆ ಕೊಡದವರು ವಿಧವೆಯ ಪಾಲನ್ನು ಮಾತ್ರ ಬಂದು ಕೊಟ್ಟು ಹೋದರು.

೧೯೮೩, ಫೆಬ್ರವರಿ ೬

ಹಾಲಸ್ವಾಮಿ ಬಂದಿದ್ದ. ಅಂದಾನಪ್ಪನ ಅಣ್ಣ, ಕಂಪ್ಲಿಯ ರೈಸ್ ಮಿಲ್ಲಿನ ಸಾವ್ಕಾರ. ಕಾಲುವೆ ಬಂದ ಮೇಲೆ ಅಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ. ಮಿಲ್ಲು ನಿಲ್ಲುವುದೇ ಇಲ್ಲ, ಸಾವ್ಕಾರನ ಹೊಟ್ಟೆಯೂ ನಿಲ್ಲುವ ಹಾಗೆ ಕಾಣುವುದಿಲ್ಲ. ಜೊತೆಗೆ ಇಬ್ಬರು ಹಿರಿಯರನ್ನು ಕರೆತಂದಿದ್ದ. “ಕುಂದ್ರಿ” ಎಂದರೆ ಕೂರಲಿಲ್ಲ. ಜಂತಿ ನೋಡಿದ, ಹಿತ್ತಿಲು ನೋಡಿದ, ಕಾಲುವೆ ದಂಡೆಯ ಗೋಡೆಯನ್ನು ತಟ್ಟಿ ನೋಡಿದ.

“ನೋಡವ್ವಾ, ನನ್ನ ತಮ್ಮ ಇರೋ ತನಕ ಅಂಗಡಿ ಕೆಲಸ ಮಾಡ್ಕೊಂಡಿದ್ದಿ. ಉಂಡಿ, ಉಟ್ಟಿ. ನಾವ್ಯಾರೂ ಏನೂ ಅಂದಿಲ್ಲ. ಇನ್ನ ಯುಗಾದಿ ಒಳಗ ಮನಿ, ಅಂಗಡಿ ಎರಡೂ ಬಿಟ್ಟು ನಿಮ್ಮ ಮಲಪನಗುಡಿಗೆ ಹೋಗು.”

“ನಾ ಕೆಲಸದಾಕಿ ಅಂತ ನಿಮಗ ಯಾರು ಹೇಳಿದ್ರು?” ಎಂದೆ. ಕೈಯಲ್ಲಿ ಪಾನಾ ಇತ್ತು. ಹಿರಿಯರಿಬ್ಬರೂ ಅದನ್ನೇ ನೋಡುತ್ತಿದ್ದರು.

“ನನ್ನ ತಮ್ಮನ ಹೇಳಿದ್ದ. ನಮ್ಮವ್ವನ ಮುಂದ.”

ಅದು ನಿಜ. ಪಾನಾ ಕೆಳಗಿಟ್ಟೆ.

೧೯೮೩, ಫೆಬ್ರವರಿ ೭

ಅಂಗಡಿ ತೆಗೆಯಲಿಲ್ಲ.

೧೯೮೩, ಫೆಬ್ರವರಿ ೯

ನಮ್ಮಪ್ಪ ಡ್ಯಾಮಿನ ಕಲ್ಲು ಹೊತ್ತ. ಡ್ಯಾಮು ಮುಗಿದ ಮೇಲೆ ಸ್ಟೇಷನ್ ರಸ್ತೆಯ ಬೇವಿನ ಮರದ ಕೆಳಗೆ ಪಂಕ್ಚರ್ ಹಾಕಲು ಕೂತ. ನಾನು ಅವನ ಜೊತೆ ಕೂತು ಕಲಿತೆ. ಅಪ್ಪ ತೀರಿಕೊಂಡಾಗ ಅಂದಾನಪ್ಪ ಬಂದು, “ನಮ್ಮ ಅಂಗಡಿಗೆ ಬಾ” ಎಂದ. ಮಿಲ್ಲಿನ ಮನೆತನ ಬಿಟ್ಟು ಬಂದು ಸ್ವಂತ ದುಡಿಮೆಯಿಂದ ಅಂಗಡಿ ಇಟ್ಟಿದ್ದವನು. ಮೊದಲ ವರ್ಷ ನಾನು ಕೆಲಸದವಳೇ, ಸುಳ್ಳಲ್ಲ. ಯಾವತ್ತಿನಿಂದ ಕೆಲಸದವಳಾಗಿ ಉಳಿಯಲಿಲ್ಲ ಎಂದು ಕೇಳಿದರೆ ನನಗೂ ಹೇಳಲು ಬರುವುದಿಲ್ಲ.

ಮದುವೆ ಮಾಡಿಸಲು ಅವನ ಕಡೆಯ ಸ್ವಾಮಿಗಳು ಬರಲಿಲ್ಲ, ನನ್ನ ಕಡೆಯ ಹಿರಿಯರೂ ಬರಲಿಲ್ಲ. ಜಾತಿ ಬೇರೆ. ರಿಜಿಸ್ಟರ್ ಆಫೀಸಿಗೆ ಹೋಗೋಣ ಎಂದು ಹೊರಟಾಗ ಅವನ ತಾಯಿಗೆ ಹೇಗೋ ಸುಳಿವು ಸಿಕ್ಕಿತು. “ಯಾರಾಕಿ ಆಕಿ?” ಎಂದು ಮುದುಕಿ ಎದೆ ಹಿಡಿದುಕೊಂಡು ಕೂತಳಂತೆ. “ಕೆಲಸದಾಕಿ ಬೇ” ಎಂದುಬಿಟ್ಟ. ಅವಳ ಜೀವ ಉಳಿಸಲು ಹೇಳಿದ ಮಾತು. ಮುದುಕಿ ಆಮೇಲೆ ಹದಿನೈದು ವರ್ಷ ಗಟ್ಟಿಯಾಗಿದ್ದಳು. ಅವಳು ಹೊಸಪೇಟೆಗೆ ಬಂದಾಗಲೆಲ್ಲ ನಾನು ಹಾಸಿಗೆ ಸುತ್ತಿಕೊಂಡು ಕೊಟ್ರಬಸಮ್ಮನ ಮನೆಯಲ್ಲಿ ಮಲಗುತ್ತಿದ್ದೆ. ಮುದುಕಿ ಹೋದ ಮೇಲೆ ಇನ್ನು ರಿಜಿಸ್ಟರ್ ಮಾಡಿಸೋಣ ಎಂದ. ತಲೆ ನರೆತವರು ಸಹಿ ಹಾಕಲು ಹೋದರೆ ಆಫೀಸಿನವರು ನಗುತ್ತಾರೆ ಎಂದು ಇಬ್ಬರೂ ನಕ್ಕು ಸುಮ್ಮನಾದೆವು.

ಟ್ರಂಕು ತುಂಬಿಟ್ಟಿದ್ದೇನೆ. ಇದು ಅಂದಾನಪ್ಪನ ಮನೆ. ನನ್ನದು ಎನ್ನಲು ಏನಿದೆ ಇಲ್ಲಿ?

೧೯೮೩, ಫೆಬ್ರವರಿ ೧೫

ನಾಲ್ಕು ಜನ ಪರದೇಶದವರು ಬಾಗಿಲು ಬಡಿದರು. ಹಂಪಿಗೆ ಹೋಗಲು ಸೈಕಲ್ ಬೇಕಂತೆ. ಹಾಳಾಗಿ ಹೋಗಲಿ ಎಂದು ಅಂಗಡಿ ತೆಗೆದೆ. ಅವರ ಹಿಂದೆಯೇ ಉಜ್ಜಿನಪ್ಪ ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು ಬಂದ. ಗಾದಿಗನೂರಿನವನು. ಹೈಸ್ಕೂಲಿನಲ್ಲಿರುವಾಗ ನಮ್ಮಲ್ಲಿ ಗಂಟೆ ಲೆಕ್ಕದ ಸೈಕಲ್ ಹೊಡೆದು, ಕಾಲುವೆ ಮೆಟ್ಟಿಲಿಗೆ ಬಿದ್ದು ಮುಂದಿನ ಹಲ್ಲು ಮುರಿದುಕೊಂಡವನು. ಈಗ ಕರಿ ಕೋಟು ಹಾಕುವ ವಕೀಲ. ಹಲ್ಲು ಮಾತ್ರ ಹಾಗೇ ಇದೆ.

ಟ್ರಂಕು ನೋಡಿದ. “ಯಾವೂರಿಗೆ ಹೊಂಟೀರಿ ಅಕ್ಕಾ?” ಎಂದ. ಎಲ್ಲ ಹೇಳಿದೆ. ಟ್ಯೂಬು ಬಾಂಡ್ಲಿಯ ನೀರಿನಲ್ಲಿ ಗುಳ್ಳೆ ಬಿಡುತ್ತಿತ್ತು, ನನ್ನ ಕೈ ಕೆಲಸ ಮಾಡುತ್ತಲೇ ಇತ್ತು.

“ಕಾಯ್ದೆ ನೀವು ತಿಳ್ಕೊಂಡಷ್ಟು ಕೆಟ್ಟದಲ್ಲ” ಎಂದ. “ಗಂಡು ಹೆಣ್ಣು ಭಾಳ ವರ್ಷ ಒಂದ ಮನ್ಯಾಗ ಗಂಡ ಹೆಂಡ್ತಿ ಹಂಗ ಇದ್ದು, ಸುತ್ತಲ ಮಂದಿನೂ ಹಂಗ ತಿಳ್ಕೊಂಡಿದ್ರ, ಕೋರ್ಟ್‌ನೂ ಅವರದು ಮದುವಿ ಅಂತ ತಿಳ್ಕೊಂತೈತಿ. ಅಲ್ಲ ಅನ್ನೋರು ಅಲ್ಲ ಅಂತ ತೋರಿಸ್ಬೇಕು. ನಿಮಗ ಮೊದ್ಲು ಬ್ಯಾರೆ ಮದುವಿ ಆಗಿತ್ತೇನು? ಅಂದಾನಪ್ಪಣ್ಣಗ?”

“ಇಬ್ಬರಿಗೂ ಇಲ್ಲ.”

“ಹಂಗಾರ ಒಂದ ಪ್ರಶ್ನೆ. ಮಂದಿ ನಿಮ್ಮನ್ನ ಏನಂತ ತಿಳ್ಕೊಂಡಿದ್ರು?”

ಇಷ್ಟು ವರ್ಷ ನಾನು ಯಾರನ್ನೂ ಇದನ್ನು ಕೇಳಿಲ್ಲ. ಕೇಳಲು ಧೈರ್ಯ ಇರಲಿಲ್ಲ.

೧೯೮೩, ಮಾರ್ಚ್ ೨

ಓಣಿಯಲ್ಲಿ ನನ್ನನ್ನು ‘ಅಂದಾನಪ್ಪನ ಹೊಳೆಮ್ಮ’ ಎನ್ನುತ್ತಾರೆ. ಅಂದಾನಪ್ಪನ ಸೈಕಲ್, ಅಂದಾನಪ್ಪನ ಬೆಂಚು, ಅಂದಾನಪ್ಪನ ಹೊಳೆಮ್ಮ. ಹೆಂಡತಿ ಎಂದು ಯಾರೂ ಅಂದದ್ದು ನಾನು ಕೇಳಿಲ್ಲ. ಇಟ್ಟುಕೊಂಡವಳು ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಾರೆ ಎಂದೇ ತಿಳಿದಿದ್ದೆ. ಅದಕ್ಕೇ ಯಾರಿಗೂ ಬಗ್ಗದೆ, ಬಾಯಿ ಜೋರು ಮಾಡಿಕೊಂಡು ಬದುಕಿದೆ. ನಲ್ಲಿಯ ಹತ್ತಿರ ಇವತ್ತು ಇಬ್ಬರನ್ನು ಕೇಳೋಣ ಎಂದು ಹೋದೆ. ಕೊಡ ತುಂಬಿಕೊಂಡು ಹಾಗೇ ಬಂದೆ.

೧೯೮೩, ಏಪ್ರಿಲ್ ೧೪

ಯುಗಾದಿ. ಹಾಲಸ್ವಾಮಿ ಕೊಟ್ಟ ಗಡುವು ಇವತ್ತಿಗೆ ಮುಗಿಯಿತು. ಟ್ರಂಕು ಬಿಚ್ಚಿ ಸೀರೆಗಳನ್ನು ಮತ್ತೆ ಗೂಡಿಗಿಟ್ಟೆ. ಬೇವು ಬೆಲ್ಲ ತಿಂದು ಅಂಗಡಿ ತೆಗೆದೆ.

೧೯೮೩, ಮೇ ೨೦

ಕಾಲುವೆ ನೀರು ನಿಲ್ಲಿಸಿದ್ದಾರೆ. ಹೂಳು ತೆಗೆಯುವವರು ಹಿಂದೆ ಕಳೆದುಹೋಗಿದ್ದ ನಮ್ಮ ಸೈಕಲ್ಲಿನ ಹ್ಯಾಂಡಲ್ ಒಂದನ್ನು ತಂದುಕೊಟ್ಟರು. ಅದೇ ಹೊತ್ತಿಗೆ ಕೋರ್ಟಿನ ಜವಾನ ಸಮನ್ಸ್ ತಂದ. ಹಾಲಸ್ವಾಮಿ ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹಾಕಿದ್ದಾನೆ. ನನ್ನ ಹೆಸರಿನ ಮುಂದೆ ‘ಸೈಕಲ್ ಅಂಗಡಿಯ ಕೂಲಿ ಕೆಲಸ’ ಎಂದಿದೆ. ಸಿಟ್ಟಿನಲ್ಲಿ ಇವತ್ತು ಏಳು ಸೈಕಲ್ ರಿಪೇರಿ ಮಾಡಿದೆ. ಒಂದಕ್ಕೂ ಹೆಸರಿಡುವಂತಿಲ್ಲ.

೧೯೮೩, ಜೂನ್ ೫

ಉಜ್ಜಿನಪ್ಪನ ಆಫೀಸಿಗೆ ಹೋಗಿದ್ದೆ. ಒಂದೊಂದಾಗಿ ಕೇಳಿದ. ತಾಳಿ? ಇಲ್ಲ. ಮದುವೆಯ ಫೋಟೋ? ಇಲ್ಲ. ಅವನ ತಾಯಿ ಬಂದಾಗ ನಾನು ಪಕ್ಕದ ಮನೆಯಲ್ಲಿ ಮಲಗುತ್ತಿದ್ದದ್ದು? ನಿಜ. “ಅದನ್ನ ಅವರು ಕೇಳೇ ಕೇಳ್ತಾರ” ಎಂದು ಪೆನ್ನಿನ ತುದಿ ಕಚ್ಚಿದ. ಸುಳ್ಳು ಹೇಳಲೇ ಎಂದೆ. “ಬ್ಯಾಡ. ಇದ್ದದ್ದು ಇದ್ದಂಗ ಹೇಳ್ರಿ. ಒಂದು ಸುಳ್ಳು ಸಿಕ್ರೂ ಎಲ್ಲಾ ಹೋತು.”

ಎದ್ದು ಬರುವಾಗ ನನ್ನ ಕೈ ನೋಡಿದ.

“ಅಕ್ಕಾ, ನಿಮ್ಮ ಕೈಯಾಗ ಯಾವಾಗ್ಲೂ ಹಸಿರು ಬಳಿ ಇರ್ತಿದ್ವು. ನೀವ ತೆಗೆದ್ರೇನು?”

“ನಾ ಯಾಕ ತೆಗೀಲಿ? ಒಡೆದ್ರು.”

“ಯಾರು?”

“ಕೊಟ್ರಬಸಮ್ಮ. ಸಂಗಮ್ಮ ನಿಂತು ಒಡಿಸಿದ್ಲು.”

ಪೆನ್ನು ಕೆಳಗಿಟ್ಟ. ಹೊರಗೆ ಸಂಡೂರಿನ ಅದಿರು ಲಾರಿಗಳು ಹೋಗುತ್ತಿದ್ದವು, ಎದ್ದು ಕಿಟಕಿ ಮುಚ್ಚಿ ಬಂದ. ಆಮೇಲೆ, “ಕಂಪ್ಲಿ ಸಾವ್ಕಾರ್ತಿ? ತಾನ ನಿಂತು?” ಎಂದ. ಹೌದು ಎಂದೆ. “ಇದನ್ನ ಯಾರ ಮುಂದೂ ಆಡಬ್ಯಾಡ್ರಿ. ಕೊಟ್ರಬಸಮ್ಮನ್ನ ಸಾಕ್ಷಿಗೆ ಕೇಳ್ರಿ.”

ಆ ದಿನ ನನ್ನನ್ನು ಸುಟ್ಟ ಸಂಗತಿಯೇ ನನ್ನ ಕೈ ಹಿಡಿಯುತ್ತದೆ ಎಂದು ಇವನು ಹೇಳುತ್ತಾನೆ. ಹುಚ್ಚೋ ಏನೋ.

೧೯೮೩, ಜೂನ್ ೨೧

ಕೇಳಲಿಲ್ಲ.

೧೯೮೩, ಜುಲೈ ೧೦

ಇವತ್ತೂ ಕೊಟ್ರಬಸಮ್ಮನನ್ನು ಕೇಳಲಿಲ್ಲ. ಕಾಲುವೆಗೆ ನೀರು ಬಿಟ್ಟರು. ಗೋಡೆಯ ಆ ಕಡೆ ಅವಳು ಹಾಡಿಕೊಳ್ಳುತ್ತಿದ್ದಳು. ನಾನು ಕೆಮ್ಮಿದ ಕೂಡಲೇ ಸುಮ್ಮನಾದಳು.

೧೯೮೩, ಆಗಸ್ಟ್ ೧೪

ನಿನ್ನೆ ಪಂಚಮಿ. ಪ್ರತಿ ವರ್ಷ ಕೊಟ್ರಬಸಮ್ಮ ನನಗೆ ಉಡಿ ತುಂಬಿ ತಂಬಿಟ್ಟಿನ ಉಂಡೆ ಕೊಡುತ್ತಿದ್ದಳು. ಈ ಸಲ ಬರಲಿಲ್ಲ, ಬರುವಂತಿಲ್ಲ. ವಿಧವೆಗೆ ಯಾರೂ ಉಡಿ ತುಂಬುವುದಿಲ್ಲ. ಅದನ್ನೇ ಯೋಚಿಸುತ್ತ ಕೂತವಳಿಗೆ ಫಕ್ಕನೆ ಹೊಳೆಯಿತು. ಹಾಗಾದರೆ ಇಷ್ಟು ವರ್ಷ ಯಾರ ಹೆಂಡತಿ ಎಂದು ತುಂಬಿದಳು?

ಬೆಳಿಗ್ಗೆಯೇ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಎದ್ದು ನಿಂತಳು. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು, ಮತ್ತೆ ಹಿಟ್ಟಿಗೇ ಹಾಕಿದಳು.

“ನನ್ನ ಏನಂತ ತಿಳ್ಕೊಂಡಿದ್ದಿ ನೀನು?” ಎಂದೆ. ಕೇಳಬೇಕೆಂದಿದ್ದ ಮಾತು, ಆದರೆ ಬೈಗುಳದ ಹಾಗೆ ಬಂತು.

“ಅಂದಾನಪ್ಪಣ್ಣನ ಹೇಣ್ತಿ. ಮತ್ತೇನಂತ ತಿಳೀಲಿ?” ಎಂದಳು. ನಾನು ಏನೋ ಹುಚ್ಚು ಪ್ರಶ್ನೆ ಕೇಳಿದೆ ಎಂಬ ಹಾಗೆ ನೋಡಿದಳು. “ನೀ ನನ್ನ ಮನ್ಯಾಗ ಮಲಗಿದಾಗ ಆಯಪ್ಪ ಗೋಡಿ ಆ ಕಡಿಯಿಂದ ಕೆಮ್ಮತಿದ್ದ, ನೀ ಈ ಕಡಿಯಿಂದ ಕೆಮ್ಮತಿದ್ದಿ. ನಮ್ಮ ಮನಿಯವ್ರು, ‘ನಮಗ ಮಲಗಾಕ ಬಿಡ್ರೋ’ ಅಂತಿದ್ರು. ಯಾವ ಕೆಲಸದಾಕಿ ಹಂಗ ಕೆಮ್ಮತಾಳ?”

ಆಮೇಲೆ ಅತ್ತಳು. “ನನ್ನ ಕೈಲೇ ಒಡಿಸಿದ್ರು ನೋಡವ್ವ. ನಾ ಒಡೀದಿದ್ರ ನಿನ್ನ ಹೇಣ್ತಿ ಅಲ್ಲ ಅಂದಂಗ ಆಗ್ತಿತ್ತು. ಅದಕ್ಕ ಒಡೆದೆ.” ಇದನ್ನು ನಾನು ಒಂದು ದಿನವಾದರೂ ಹೀಗೆ ಯೋಚಿಸಿದ್ದೆನೇ?

ಕೋರ್ಟಿಗೆ ಬರುತ್ತೀಯಾ ಎಂದೆ. ಜಡ್ಜ್ ಮುಂದೆ ನಿಲ್ಲಲು ಹೆದರಿಕೆ ಎಂದಳು. ನನಗೂ ಹೆದರಿಕೆ ಎಂದೆ. ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ತಿಂದು ಬಂದೆ.

೧೯೮೩, ನವೆಂಬರ್ ೧೧

ಮೂರನೇ ಸಲ ಮುಂದಕ್ಕೆ ಹಾಕಿದರು. ಕೋರ್ಟಿನ ಅಂಗಳದಲ್ಲಿ ಕೂತು ಕೂತು ಅಲ್ಲಿಯ ಗುಮಾಸ್ತನ ಸೈಕಲ್ ಬ್ರೇಕು ಸರಿಮಾಡಿ ಕೊಟ್ಟೆ. ಕೊಟ್ರಬಸಮ್ಮ ತಿನ್ನಲು ಒಗ್ಗರಣೆ ಹಾಕಿದ ಮಂಡಾಳು ಕಟ್ಟಿಕೊಂಡು ಬಂದಿದ್ದಳು. ಅವರು ಇವತ್ತು ಬದುಕಿದ್ದರೆ, ‘ಕೋರ್ಟಿಗೆ ಬಂದೀರೋ ಜಾತ್ರಿಗೆ ಬಂದೀರೋ’ ಎಂದು ರೇಗಿಸುತ್ತಿದ್ದರು.

೧೯೮೪, ಜನವರಿ ೧೬

ಟಯರ್ ಏಜೆಂಟ್ ಬಂದ. ಹೊಸ ಡೈರಿಯ ಮೊದಲ ಹಾಳೆಯಲ್ಲಿ ನನ್ನ ಹೆಸರು ಬರೆದು ಕೊಟ್ಟ. ಈ ಸಲ ಚಹ ಕುಡಿದ. ಬೆಂಚು ಇನ್ನೂ ಕುಂಟುತ್ತದೆ. ಆದರೆ ಈ ಡೈರಿಯನ್ನು ಅದಕ್ಕೆ ಕೊಡುವುದಿಲ್ಲ.

೧೯೮೪, ಮಾರ್ಚ್ ೯

ಇವತ್ತು ಸಂಗಮ್ಮನ ಸಾಕ್ಷಿ ಆಯಿತು. ಎಲ್ಲ ಬರೆಯಬೇಕು.

ಕಟಕಟೆಯಲ್ಲಿ ಇಳಕಲ್ ಸೀರೆ ಉಟ್ಟು ನೆಟ್ಟಗೆ ನಿಂತಿದ್ದಳು. ಹಾಲಸ್ವಾಮಿಯ ವಕೀಲರು ಕೇಳಿದ ಮೊದಲ ಪ್ರಶ್ನೆಗೇ, “ಕೆಲಸದಾಕಿರಿ. ನಮ್ಮತ್ತಿ ಬಂದಾಗ ಪಕ್ಕದ ಮನ್ಯಾಗ ಮಲಗ್ತಿದ್ಲು. ಹೇಣ್ತಿ ಆಗಿದ್ರ ಯಾಕ ಹಂಗ ಮಲಗ್ತಿದ್ಲು?” ಎಂದಳು. ಜಡ್ಜ್ ಸಾಹೇಬರು ಅದನ್ನು ಬರೆಸಿಕೊಂಡರು.

ಆಮೇಲೆ ಉಜ್ಜಿನಪ್ಪ ಎದ್ದ. ದನಿ ಏರಿಸಲೇ ಇಲ್ಲ.

“ಅಂದಾನಪ್ಪನವರು ತೀರಿಕೊಂಡ ದಿನ ಬಂದಿದ್ರೇನ್ರಿ ಅಮ್ಮಾ?”

“ಬರದ ಬಿಡಾಕ ಆಕ್ಕೈತೇನು? ನನ್ನ ಮೈದುನ.”

“ಶಾಸ್ತ್ರ ಎಲ್ಲಾ ಸರಿಯಾಗಿ ಆದ್ವು?”

“ನಾನ ನಿಂತು ಮಾಡಿಸೀನಿ. ಒಂದೂ ಬಿಟ್ಟಿಲ್ಲ.”

“ಹೊಳೆಮ್ಮನ ಕೈಯಾಗಿನ ಬಳಿ?”

“ಅದನ್ನೂ ಒಡಿಸೀನಿ.”

“ಅವತ್ತು ಅಲ್ಲಿ ಬ್ಯಾರೆ ಹೆಣ್ಮಕ್ಕಳೂ ಇದ್ರೇನು?”

“ಓಣಿ ತುಂಬ ಇದ್ರು.”

“ಅವರ ಬಳಿನೂ ಒಡಿಸಿದ್ರಾ?”

ಸಂಗಮ್ಮನಿಗೆ ಸಿಟ್ಟು ಬಂತು. “ಏನಂತ ಮಾತಾಡ್ತೀರಿ? ಅವರದು ಯಾಕ ಒಡಿಸ್ಲಿ? ಅವರ ಗಂಡಂದ್ರು ಗಟ್ಟಿಮುಟ್ಟ ಅದಾರ. ಗಂಡ ಸತ್ತಾಕಿದು ಒಡಿಸ್ಬೇಕು!”

ಉಜ್ಜಿನಪ್ಪ ಕೂತುಬಿಟ್ಟ. ಇಷ್ಟೇ ಸಾಕು ಸ್ವಾಮಿ ಎಂದ. ಹಾಲಸ್ವಾಮಿಯ ವಕೀಲರು ಎದ್ದು ಏನೇನೋ ತಿರುಗಿಸಿ ಕೇಳಿದರು. “ಬಳಿ ಬಿಟ್ಟಿದ್ರ ನಮ್ಮ ಮನಿತನಕ್ಕ ಕೆಟ್ಟ ಹೆಸರು ಬರ್ತಿತ್ತು” ಎಂದು ಇನ್ನೂ ಗಟ್ಟಿ ಮಾಡಿಕೊಟ್ಟಳು. ಜಡ್ಜ್ ಸಾಹೇಬರು ತಲೆ ತಗ್ಗಿಸಿ ಬರೆಸುತ್ತಿದ್ದರು. ಮುಖ ಕಾಣಲಿಲ್ಲ.

ಹೊರಗೆ ಹುಣಸೆ ಮರದ ಕೆಳಗೆ ಹಾಲಸ್ವಾಮಿ ಹೆಂಡತಿಯ ಕಡೆ ನೋಡದೆ ಕಾರಿಗೆ ಹೋದ. ಸಂಗಮ್ಮ ನನ್ನ ಪಕ್ಕ ಹಾದು ಹೋಗುವಾಗ ನಿಂತಳು. “ಕೇಳಿದ್ದಕ್ಕ ಇದ್ದದ್ದು ಹೇಳೀನಿ. ದೇವ್ರ ಮ್ಯಾಲೆ ಆಣಿ ಮಾಡಿ ಸುಳ್ಳು ಹೆಂಗ ಹೇಳ್ಲಿ?” ಎಂದಳು. ಜಗಳ ಆಡಲು ಬಾಯಿ ತೆರೆದೆ. “ಬಿಸಿಲು ಭಾಳ ಐತಿ, ನೀರು ಕುಡೀತೀರೇನು?” ಎಂದೆ. ಕೊಟ್ರಬಸಮ್ಮನ ತಂಬಿಗೆ ತೆಗೆದುಕೊಂಡು ಕುಡಿದು ಹೋದಳು.

೧೯೮೪, ಏಪ್ರಿಲ್ ೧೯

ನನ್ನ ಸಾಕ್ಷಿ. ಆಣೆ ಮಾಡಿಸಿದರು. ನಿಮ್ಮ ಹೆಸರು? ಹೇಳಿದೆ. ಗಂಡನ ಹೆಸರು? ಎಂದರು ಜಡ್ಜ್ ಸಾಹೇಬರು.

ಏನಾಯಿತೋ ಗೊತ್ತಿಲ್ಲ, ಹೆಸರು ಬಾಯಿಗೆ ಬರಲಿಲ್ಲ. ಸಾವಿರ ಸಲ ಓಣಿ ತುಂಬ ಕೂಗಿದ ಹೆಸರು. ಜಡ್ಜ್ ಸಾಹೇಬರು ಇನ್ನೊಮ್ಮೆ ಕೇಳಿದರು. ಸೆರಗು ಎಳೆದುಕೊಂಡು ತಲೆ ತಗ್ಗಿಸಿದೆ. “ಆ ಕಡಿ ವಕೀಲರ ಕಾಗದದಾಗ ಐತ್ರಿ” ಎಂದೆ. ಎಲ್ಲರೂ ನಕ್ಕರು. ಹಾಲಸ್ವಾಮಿಯ ವಕೀಲರು ಮಾತ್ರ ನಗಲಿಲ್ಲ. ಹೆಸರು ಹಿಡಿದು ಕರೆಯುತ್ತಿದ್ದಿರಲ್ಲ, ಯಾವ ಹೆಂಡತಿ ಹಾಗೆ ಕರೆಯುತ್ತಾಳೆ ಎಂದು ಕೇಳಬೇಕೆಂದು ಬರೆದುಕೊಂಡು ಬಂದಿದ್ದರಂತೆ, ಉಜ್ಜಿನಪ್ಪ ಆಮೇಲೆ ಹೇಳಿದ. ಕೇಳಲೇ ಇಲ್ಲ.

ಮುಂದೆ ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊದಲು ಕೆಲಸಕ್ಕೇ ಬಂದವಳು ಎಂದೆ. ಅತ್ತೆ ಬಂದಾಗ ಹಾಸಿಗೆ ಸುತ್ತಿಕೊಂಡು ಹೋಗುತ್ತಿದ್ದೆ ಎಂದೆ. “ಯಾಕೆ?” ಎಂದರು ಜಡ್ಜ್ ಸಾಹೇಬರು. “ಮುದುಕರು ನೋಡ್ರಿ, ಅವರ ಜೀವಕ್ಕ ತ್ರಾಸ ಆಗಬಾರ್ದಂತ” ಎಂದೆ.

೧೯೮೪, ಜೂನ್ ೨೨

ಕೊಟ್ರಬಸಮ್ಮ ಸಾಕ್ಷಿ ಹೇಳಿದಳು. ಹೆದರಿಕೆ ಎಂದವಳು ಕಟಕಟೆ ಹತ್ತಿದ ಮೇಲೆ ಇಳಿಯಲೇ ಒಲ್ಲಳು. ಪಂಚಮಿಯ ಉಡಿ, ತಂಬಿಟ್ಟು, ಗೋಡೆಯ ಕೆಮ್ಮು ಎಲ್ಲ ಹೇಳಿ ಮುಗಿಸಿ ತನ್ನ ಗಂಡನ ಗೊರಕೆಯ ಸುದ್ದಿಗೂ ಹೋಗಿದ್ದಳು. ಜಡ್ಜ್ ಸಾಹೇಬರೇ ಸಾಕಮ್ಮ ಎಂದರು. ದಾರಿಯಲ್ಲಿ, “ನಾ ಹೇಳಿದ್ದು ಸರಿ ಆತೇನು?” ಎಂದು ಮನೆ ಬರುವ ತನಕ ಕೇಳಿದಳು.

೧೯೮೪, ಸೆಪ್ಟೆಂಬರ್ ೨೮

ತೀರ್ಪು ಬಂತು. ಉಜ್ಜಿನಪ್ಪ ಅಂಗಡಿಗೇ ಸೈಕಲ್ ತುಳಿದುಕೊಂಡು ಬಂದ. ಮುರಿದ ಹಲ್ಲು ದೂರದಿಂದಲೇ ಕಾಣುತ್ತಿತ್ತು. ಬಂದವನೇ ಬೆಂಚಿನ ಮೇಲೆ ಕೂತು ಓದಿ ಹೇಳಿದ. ಇಷ್ಟು ವರ್ಷ ಗಂಡ ಹೆಂಡತಿಯಾಗಿ ಬಾಳಿದವರು, ಜನರೂ ಹಾಗೇ ನಡೆಸಿಕೊಂಡಿದ್ದಾರೆ, ಆತ ಸತ್ತ ದಿನ ದಾವೆ ಹಾಕಿದವರ ಮನೆಯವರೇ ಆಕೆಯನ್ನು ಆತನ ವಿಧವೆ ಎಂದು ನಡೆಸಿಕೊಂಡಿದ್ದಾರೆ, ಈಗ ಕೆಲಸದವಳು ಎಂದರೆ ಒಪ್ಪುವಂತಿಲ್ಲ. ಮನೆ, ಅಂಗಡಿ ಎರಡಕ್ಕೂ ಹೆಂಡತಿಯೇ ವಾರಸುದಾರಳು.

“ಅವರು ಮ್ಯಾಲಿನ ಕೋರ್ಟಿಗೆ ಹೋಗಬಹುದು. ಹೋಗ್ಲಿ. ನಾನೂ ಇರ್ತೀನಿ” ಎಂದ. ಹಾಳೆಯ ಮೇಲೆ ಬೆರಳಿಟ್ಟು ಒಂದು ಸಾಲು ತೋರಿಸಿದ. ಅಲ್ಲಿ ‘ಹೊಳೆಮ್ಮ ಕೋಂ’ ಎಂದು ಬರೆದು ಮುಂದೆ ಅವರ ಹೆಸರು ಇತ್ತು.

“ಕೋಂ ಅಂದ್ರ ಹೆಂಡ್ತಿ. ಅಂದಾನಪ್ಪನ ಹೊಳೆಮ್ಮ ಅಂತ” ಎಂದ ಉಜ್ಜಿನಪ್ಪ.

ಓಣಿಯವರು ಮೊದಲಿನಿಂದ ಅನ್ನುತ್ತಿದ್ದದ್ದೂ ಅದೇ ಅಲ್ಲವೇ? ಅದನ್ನು ನಾನು ಒಂದು ದಿನವೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಅಲ್ಲೇ ಕೂತು ಅತ್ತೆ. ಅವರು ಹೋದ ದಿನವೂ ಹೀಗೆ ಅತ್ತಿರಲಿಲ್ಲ. ಸೈಕಲ್ ಕೇಳಲು ಬಂದಿದ್ದ ಬಿಳಿಯನೊಬ್ಬ ಗಾಬರಿಯಾಗಿ ಆಮೇಲೆ ಬರುತ್ತೇನೆ ಎಂದು ಕೈ ಮಾಡಿ ಹೋದ.

೧೯೮೪, ಅಕ್ಟೋಬರ್ ೨

ಕೊಟ್ರಬಸಮ್ಮ ಬಳೆಗಾರ ಮೂಕಣ್ಣನನ್ನು ನಮ್ಮ ಮನೆಯ ಕಟ್ಟೆಗೇ ಕರೆತಂದಿದ್ದಳು. ಮೂಕಣ್ಣ ಮಲಾರ ಬಿಚ್ಚಿ ಹಸಿರು ಬಳೆಗಳನ್ನು ಹರಡಿದ.

“ಏನಿದು?” ಎಂದೆ. “ಗಂಡ ಸತ್ತಾಕಿ ಕೈಯಾಗ ಬಳಿ ಇರಬಾರ್ದು ಅಂತ ಕೋರ್ಟಿನಾಗ ಬರಿಸ್ಯಾರ, ಕೇಳಿಲ್ಲೇನು?”

“ಕೋರ್ಟಿನಾಗ ಬರೆದದ್ದು ಮನಿದು. ಕೈ ನಿಂದು. ನಾ ಒಡೆದಿದ್ದೆ, ನಾನ ಇಡಿಸ್ತೀನಿ, ಸುಮ್ಮನ ಕುಂದ್ರು” ಎಂದು ನನ್ನ ಕೈ ಹಿಡಿದು ಎಳೆದಳು. ಎದುರು ಮನೆಯವರು ಬಾಗಿಲಿಗೆ ಬಂದು ನೋಡಿದರು. ಒಬ್ಬಳು ಮುಖ ತಿರುಗಿಸಿ ಒಳಗೆ ಹೋದಳು. ಇನ್ನೊಬ್ಬಳು ಬಂದು ಪಕ್ಕದಲ್ಲಿ ಕೂತಳು. ಮೂಕಣ್ಣ ಕಲೆ ಇದ್ದ ಮಣಿಕಟ್ಟಿನ ಹತ್ತಿರ ನಿಧಾನ ಮಾಡಿ ಬಳೆ ಏರಿಸಿದ. ಕಬ್ಬಿಣದ ಬಳೆಯ ಮಾತನ್ನು ಈ ಸಲ ಎತ್ತಲಿಲ್ಲ. ನಾನೇ ನೆನಪಿಸಿದೆ. ಆಗ ನಕ್ಕ.

೧೯೮೪, ಅಕ್ಟೋಬರ್ ೩

ನಾಳೆ ವಿಜಯದಶಮಿ. ಆಯುಧ ಪೂಜೆಗೆ ಇವತ್ತು ಸೈಕಲ್‌ಗಳನ್ನೆಲ್ಲ ತೊಳೆದು ಕುಂಕುಮ ಹಚ್ಚಿದೆ, ಅವರ ಪಾನಾಕ್ಕೂ ಹಚ್ಚಿದೆ. ಆಮೇಲೂ ಗಿರಾಕಿ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಒಂದು ಹಿಂದಿನ ಚಕ್ರ ಬಿಚ್ಚುವಾಗ ಎಡಗೈಯ ಬಳೆಯೊಂದು ಚಟ್ಟನೆ ಒಡೆಯಿತು. ಒಂದೇ ದಿನಕ್ಕೆ! ನಮ್ಮ ಮನೆಯವರು ಇದ್ದಿದ್ದರೆ ಚೆನ್ನಾಗಿ ಬೈಯುತ್ತಿದ್ದರು. ಹಬ್ಬ ಕಳೆದ ಮೇಲೆ ಮೂಕಣ್ಣನ ಹತ್ತಿರ ಹೋಗಿ ಇನ್ನೊಂದು ಹಾಕಿಸಿಕೊಂಡು ಬರಬೇಕು.